ಹೆರಿಗೆಯ ಬಳಿಕ ಏರಿದ ಬಿಪಿ: ಒಂದು ಬಾಣಂತನದ ಅನುಭವ

ಗರ್ಭಿಣಿಗೆ ಬಿಪಿ ಏರಿದರೆ ಹೆರಿಗೆಯಾಗುವವರೆಗೆ ಜಾಗ್ರತೆ ಮಾಡಬೇಕು, ಮಗು ಹೊರಬಂದ ಮೇಲೆ ಅದು ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಇದರಲ್ಲಿ ಮೊದಲನೆಯ ಮಾತು ಪೂರ್ತಿ ನಿಜ, ಎರಡನೆಯದು ಅರ್ಧ ಮಾತ್ರ ನಿಜ. ನನ್ನ ಪಾಲಿಗೆ ಅತ್ಯಂತ ಅಪಾಯದ ಗಳಿಗೆ ಬಂದದ್ದು ಹೆರಿಗೆ ಕೋಣೆಯಲ್ಲಲ್ಲ, ತವರುಮನೆಯಲ್ಲಿ, ಕಿಟಕಿ ಮುಚ್ಚಿ ಬೆಚ್ಚಗೆ ಇರಿಸಿದ್ದ ಬಾಣಂತಿ ಕೋಣೆಯಲ್ಲಿ. ಬಾಣಂತಿಯನ್ನು ಪ್ರೀತಿಯಿಂದ ನೋಡಿಕೊಳ್ಳುವ ಮನೆಯವರಿಗೂ ಈ ವಿಷಯ ಗೊತ್ತಿರುವುದು ಕಡಿಮೆ ಎಂಬ ಕಾರಣಕ್ಕೆ ನಾನು ಹಾದುಬಂದ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಕಾಸರಗೋಡು ತಾಲೂಕಿನ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಶಿಕ್ಷಕಿ. ಚೊಚ್ಚಲ ಬಸುರಿನ ಏಳು ತಿಂಗಳು ಯಾವ ತೊಂದರೆಯೂ ಇಲ್ಲದೆ ಕಳೆದವು. ಎಂಟನೆಯ ತಿಂಗಳಲ್ಲಿ ಪಾದಗಳು ಬಾತುಕೊಂಡವು. ದಿನವಿಡೀ ತರಗತಿಯಲ್ಲಿ ನಿಂತೇ ಇರುವವರಿಗೆ ಇದು ಸಹಜವೆಂದು ಸಹೋದ್ಯೋಗಿಗಳು ಹೇಳಿದರು, ಬಸುರಿಯರ ಕಾಲು ಬಾತುಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸಹಜವೂ ಹೌದು. ಆದರೆ ಉಂಗುರ ಬೆರಳಿನಿಂದ ಕಳಚಲಾರದಷ್ಟು ಕೈಗಳು ಬಾತು, ಬೆಳಗ್ಗೆ ಏಳುವಾಗಲೇ ಮುಖ ಊದಿಕೊಂಡಿರತೊಡಗಿದಾಗ ಊರಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ನರ್ಸ್ ಬಿಪಿ ನೋಡಿದರು, 142/92 ಇತ್ತು. ನನ್ನನ್ನು ಅಲ್ಲೇ ಕೂರಿಸಿ ನಾಲ್ಕು ಗಂಟೆ ಕಳೆದ ಮೇಲೆ ಮತ್ತೊಮ್ಮೆ ನೋಡಿದರು, ಕಡಿಮೆಯಾಗಿರಲಿಲ್ಲ. ಮೂತ್ರದಲ್ಲಿ ಅದ್ದಿದ ಪರೀಕ್ಷಾ ಪಟ್ಟಿಯ ಹಳದಿ ಚೌಕ ನನ್ನ ಕಣ್ಣೆದುರೇ ಹಸಿರಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂಬುದಕ್ಕೆ ಅದು ಗುರುತು.

ಇಪ್ಪತ್ತು ವಾರ ಕಳೆದ ಗರ್ಭಿಣಿಗೆ ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಬಿಪಿ 140/90 ಅಥವಾ ಅದಕ್ಕಿಂತ ಮೇಲಿದ್ದು, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಅಥವಾ ಮೂತ್ರಪಿಂಡ, ಯಕೃತ್ತು, ಮಿದುಳಿನಂಥ ಅಂಗಗಳಿಗೆ ತೊಂದರೆಯಾದ ಲಕ್ಷಣ ಕಂಡರೆ ಅದನ್ನು ಪ್ರಿಎಕ್ಲಾಂಪ್ಸಿಯ ಎನ್ನುತ್ತಾರೆ. ಇದರ ಮೂಲ ಮಾಸಿನಲ್ಲಿ, ಅಂದರೆ ಪ್ಲಸೆಂಟಾದಲ್ಲಿ ಇದೆ. ಬಸುರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ರಕ್ತನಾಳಗಳು ಮಾಸಿಗೆ ಬೇಕಾದಷ್ಟು ರಕ್ತ ಹರಿಯುವಂತೆ ಅಗಲವಾಗಬೇಕು, ಹಾಗೆ ಆಗದಿದ್ದಲ್ಲಿ ರಕ್ತ ಸಾಲದ ಮಾಸಿನಿಂದ ಹೊರಡುವ ವಸ್ತುಗಳು ತಾಯಿಯ ಮೈಯೆಲ್ಲೆಡೆಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಆದ್ದರಿಂದ ಇದನ್ನು ಬರೀ ಬಿಪಿ ಕಾಯಿಲೆ ಎಂದು ತಿಳಿಯಬಾರದು, ಬಿಪಿ ಹೊರಗೆ ಕಾಣುವ ಲಕ್ಷಣ ಮಾತ್ರ. ಉಪ್ಪು ತಿಂದದ್ದರಿಂದಲೋ ಚಿಂತೆ ಮಾಡಿದ್ದರಿಂದಲೋ ಇದು ಬಂತು ಎಂದು ನನಗೆ ಹಲವರು ಹೇಳಿದರು. ಬಸುರಿ ಹೆಂಗಸಿನ ಮೇಲೆ ಅಂಥ ಹೊರೆ ಹೊರಿಸುವುದು ಅನ್ಯಾಯ. ಚೊಚ್ಚಲ ಬಸುರು, ಅವಳಿ ಮಕ್ಕಳು, ಮೊದಲೇ ಇದ್ದ ಬಿಪಿ ಅಥವಾ ಸಕ್ಕರೆ ಕಾಯಿಲೆ, ತಾಯಿಗೋ ಅಕ್ಕತಂಗಿಯರಿಗೋ ಈ ತೊಂದರೆ ಆಗಿದ್ದುದು ಇವೆಲ್ಲ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ನನಗೆ ಇವುಗಳಲ್ಲಿ ಮೊದಲನೆಯದೊಂದೇ ಇತ್ತು.

ಅಲ್ಲಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವುದು ಶುರುವಾಯಿತು. ಬಿಪಿ ಇಳಿಸುವ ಲೆಬೆಟಲಾಲ್ ಮಾತ್ರೆ, ಪದೇ ಪದೇ ರಕ್ತಪರೀಕ್ಷೆ, ಮಗುವಿನ ಬೆಳವಣಿಗೆ ಮತ್ತು ರಕ್ತಸಂಚಾರ ನೋಡುವ ಸ್ಕ್ಯಾನ್ ಇವುಗಳಲ್ಲೇ ದಿನ ಕಳೆಯಿತು. ಮೂವತ್ತಾರು ವಾರ ತುಂಬಿದ ಹೊತ್ತಿಗೆ ಮಾತ್ರೆಯ ಮೇಲೂ ಬಿಪಿ 164/110 ಆಯಿತು, ತಲೆಸಿಡಿತ ಬಿಡಲಿಲ್ಲ. ಇನ್ನು ಕಾಯುವುದು ಬೇಡವೆಂದು ವೈದ್ಯರು ಅಂದೇ ನಿರ್ಧರಿಸಿದರು, ಸಿಸೇರಿಯನ್ ಆಯಿತು.

ಆ ದಿನದ ನೆನಪುಗಳಲ್ಲಿ ಶಸ್ತ್ರಚಿಕಿತ್ಸೆಗಿಂತ ಸ್ಪಷ್ಟವಾಗಿ ಉಳಿದಿರುವುದು ಮೆಗ್ನೀಸಿಯಂ ಸಲ್ಫೇಟ್. ಬಿಪಿ ಇಳಿಸುವ ಮದ್ದು ಅದಲ್ಲ. ಈ ಕಾಯಿಲೆ ಮಿದುಳಿಗೇರಿ ಅಪಸ್ಮಾರದಂತೆ ಸೆಳವು ಬರುವುದನ್ನು ತಡೆಯಲು ಕೊಡುವ ಔಷಧ. ಮೊದಲು ನಾಲ್ಕು ಗ್ರಾಂನಷ್ಟನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, ಬಳಿಕ ಗಂಟೆಗೆ ಒಂದು ಗ್ರಾಂನಂತೆ ಪಂಪಿನ ಮೂಲಕ ಹರಿಸುತ್ತಾ ಹೆರಿಗೆಯಾಗಿ ಇಪ್ಪತ್ತನಾಲ್ಕು ಗಂಟೆ ಕಳೆಯುವವರೆಗೆ ಮುಂದುವರಿಸಿದರು. ಸೂಜಿ ಚುಚ್ಚಿದಲ್ಲಿಂದ ಹೊರಟ ಬಿಸಿ ತೋಳಿನಲ್ಲಿ ಏರಿ ಕುತ್ತಿಗೆ, ಕಿವಿ, ಮುಖಗಳಿಗೆ ಹಬ್ಬಿತು, ನಾಲಗೆ ದಪ್ಪವಾದಂತಾಯಿತು, ಕೈಯೆತ್ತುವುದೂ ಶ್ರಮವಾಯಿತು. ಹೀಗಾಗುತ್ತದೆ ಎಂದು ಸಿಸ್ಟರ್ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಈ ಔಷಧ ಹೆಚ್ಚಾದರೆ ಉಸಿರಾಟವೇ ನಿಲ್ಲುವ ಅಪಾಯವಿದೆ. ಅದಕ್ಕಾಗಿ ಅವರು ಗಂಟೆಗಂಟೆಗೂ ಬಂದು ರಬ್ಬರಿನ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ ಕಾಲು ಮರಗಟ್ಟಿದ್ದಷ್ಟು ಹೊತ್ತು ಮೊಣಕೈಯ ಬಳಿ, ಆಮೇಲೆ ಮಂಡಿಚಿಪ್ಪಿನ ಕೆಳಗೆ. ತಟ್ಟಿದಾಗ ಕಾಲು ಚಿಮ್ಮಿದರೆ ಔಷಧ ಮಿತಿಯಲ್ಲಿದೆ ಎಂದರ್ಥ. ಆಮೇಲೆ ಗಡಿಯಾರ ನೋಡುತ್ತಾ ನನ್ನ ಉಸಿರು ಎಣಿಸುತ್ತಿದ್ದರು, ಬಾಗಿ ಮೂತ್ರದ ಚೀಲದ ಗೆರೆಗಳನ್ನು ಓದಿ ಬರೆದುಕೊಳ್ಳುತ್ತಿದ್ದರು. ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಔಷಧ ಮೈಯಲ್ಲೇ ಉಳಿಯುತ್ತದಂತೆ. ಹಾಗೇನಾದರೂ ಆದರೆ ಕೊಡಲೆಂದು ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ತಲೆಯ ಹತ್ತಿರದ ಟ್ರೇಯಲ್ಲಿ ಇರಿಸಿದ್ದರು. ಇಡೀ ರಾತ್ರಿ ನಿದ್ದೆಗೆಟ್ಟು ಆ ಸುತ್ತಿಗೆ ಹಿಡಿದು ಬಂದ ಸಿಸ್ಟರ್ ಅವರ ಮುಖ ನನಗೆ ಇಂದಿಗೂ ನೆನಪಿದೆ.

ಮಗಳು 2.1 ಕಿಲೋ ಇದ್ದಳು. ಸ್ವಲ್ಪ ಬೇಗ ಹುಟ್ಟಿದ ಕಾರಣ ಚೀಪುವ ಶಕ್ತಿ ಸಾಲದೆ, ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಬೇಕಾಯಿತು. ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡುವುದು, ಒಳಲೆಯ ಮೂತಿಯನ್ನು ಅವಳ ತುಟಿಯ ಅಂಚಿಗೆ ತಾಗಿಸಿ ಹನಿಹನಿಯಾಗಿ ಬಿಡುವುದು, ಆಮೇಲೆ ಎದೆಗವಚಿಕೊಂಡು ಬಿಸಿ ಕೊಡುವುದು, ಇಷ್ಟರಲ್ಲೇ ಹಗಲಿರುಳು ಕಳೆದವು. ಬಂದವರ ಕಣ್ಣೆಲ್ಲ ಮಗುವಿನ ತೂಕದ ಮೇಲೆಯೇ ಇತ್ತು. ನನ್ನ ಬಿಪಿ 140ರ ಆಸುಪಾಸಿಗೆ ಇಳಿದಿತ್ತು. ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಮಗುವಿನ ಚುಚ್ಚುಮದ್ದಿನ ದಿನಾಂಕಗಳೆಲ್ಲ ಇದ್ದವು, ತಾಯಿಯ ಬಗ್ಗೆ ಆರು ವಾರ ಬಿಟ್ಟು ಬರುವಂತೆ ಒಂದು ಸಾಲಿತ್ತು. ನಡುವೆ ಬಿಪಿ ನೋಡಿಸಬೇಕೆಂದು ಯಾರೂ ಹೇಳಲಿಲ್ಲ. ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳಲಾರೆ, ಆದರೆ ಆ ಸಾಲನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ತವರುಮನೆಯಲ್ಲಿ ಬಾಣಂತನ ಪದ್ಧತಿಯಂತೆ ಆರಂಭವಾಯಿತು. ಗಾಯ ಮಾಗುವವರೆಗೆ ಹೊಟ್ಟೆಯ ಭಾಗ ಬಿಟ್ಟು ಮೈಗೆ ಎಣ್ಣೆ, ಹಂಡೆಯ ಬಿಸಿನೀರು, ಕಾಳುಮೆಣಸಿನ ಸಾರು, ಊಟದ ಮೇಲೆ ದಶಮೂಲಾರಿಷ್ಟ. ನೀರು ಮಾತ್ರ ಅಳತೆಯಲ್ಲಿ, ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ ಎಂಬ ಮಾತು ಅಜ್ಜಿಯ ಕಾಲದಿಂದ ಬಂದದ್ದು. ಹೆರಿಗೆಯಾಗಿ ವಾರ ತುಂಬುವ ಮೊದಲೇ, ಒಂದು ಸಂಜೆ ಮಿಂದು ಬಂದ ಮೇಲೆ, ತಲೆಬೇನೆ ಶುರುವಾಯಿತು. ಹಣೆಯಿಂದ ಹಿಂದಲೆಯವರೆಗೆ ಬಿಗಿದು ಕಟ್ಟಿದಂಥ ನೋವು. ಅಮ್ಮ, ದೊಡ್ಡಮ್ಮ ಇಬ್ಬರೂ ಗಾಳಿ ತಾಗಿದೆ ಎಂದು ತಲೆಗೆ ಬಟ್ಟೆ ಸುತ್ತಿದರು. ಪ್ಯಾರಸಿಟಮಾಲ್ ನುಂಗಿದರೂ ಕಡಿಮೆಯಾಗಲಿಲ್ಲ. ರಾತ್ರಿಯ ಹೊತ್ತಿಗೆ ಬಲಪಕ್ಕೆಯ ಕೆಳಗೆ, ಎದೆಗೂಡು ಮುಗಿಯುವಲ್ಲಿ ಹಿಡಿದುಕೊಂಡ ನೋವು ಬಂತು. ಅದನ್ನು ವಾಯು ಎಂದು ತಿಳಿದು ಓಮದ ನೀರು ಕೊಟ್ಟರು. ಮಗುವಿಗೆ ಹಾಲೂಡಲು ಎದ್ದು ಕುಳಿತಾಗ ದೀಪದ ಸುತ್ತ ಸಣ್ಣ ಬೆಳ್ಳಿಚುಕ್ಕೆಗಳು ಹಾರಾಡುವುದು ಕಂಡಿತು, ಕಣ್ಣುಜ್ಜಿದರೂ ಹೋಗಲಿಲ್ಲ.

“ಅಮ್ಮ, ಕಣ್ಣಿನೆದುರು ಏನೋ ಮಿನುಗುತ್ತಿದೆ” ಎಂದೆ. ಅಪ್ಪ ಪಡಸಾಲೆಯಲ್ಲಿ ಮಲಗಿದ್ದವರು ಅದನ್ನು ಕೇಳಿ ಎದ್ದು ಬಂದರು. ಅವರಿಗೆ ಹಲವು ವರ್ಷಗಳಿಂದ ಬಿಪಿ ಇರುವುದರಿಂದ ಮನೆಯಲ್ಲಿ ಡಿಜಿಟಲ್ ಯಂತ್ರವಿತ್ತು. “ಒಂದು ಸಲ ನೋಡಿಯೇ ಬಿಡೋಣ ಮಗಳೇ” ಎಂದು ಹೇಳಿ ಪಟ್ಟಿ ಸುತ್ತಿದರು. 172/114 ಎಂದು ತೋರಿಸಿತು. ಯಂತ್ರ ಕೆಟ್ಟಿರಬೇಕೆಂದು ತನ್ನ ತೋಳಿಗೆ ಕಟ್ಟಿಕೊಂಡು ನೋಡಿದರು, ಅವರದು ಎಂದಿನಂತೆಯೇ ಇತ್ತು. ಆ ಮೇಲೆ ಯಾರೂ ಗಾಳಿಯ ಮಾತು ಎತ್ತಲಿಲ್ಲ.

ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ಯುವ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ಹೆರಿಗೆಯಾಗಿ ಎಷ್ಟು ದಿನವಾಯಿತು ಎಂಬುದು. ಉತ್ತರ ಕೇಳಿದೊಡನೆ ಬಿಪಿ ಇಳಿಸುವ ನಿಫೆಡಿಪಿನ್ ಮಾತ್ರೆ ನುಂಗಿಸಿ, ಸ್ವಲ್ಪ ಇಳಿದದ್ದನ್ನು ನೋಡಿಕೊಂಡು, ಆಂಬುಲೆನ್ಸ್ ತರಿಸಿ ಮಂಗಳೂರಿಗೆ ಕಳುಹಿಸಿದರು. ಬಿಪಿ 160/110ರ ಮೇಲೆ ನಿಂತಿದ್ದರೆ ಅರ್ಧ ಮುಕ್ಕಾಲು ಗಂಟೆಯೊಳಗೆ ಮದ್ದು ಕೊಡಬೇಕು, ಇಲ್ಲವಾದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಆ ಒಂದು ಮಾತ್ರೆ ದಾರಿಯಲ್ಲಿ ನನ್ನನ್ನು ಕಾಪಾಡಿತು. ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಬಂದಾಗ ಅಮ್ಮ ಮಗುವನ್ನು ಎದೆಗೊತ್ತಿಕೊಂಡದ್ದು ನೆನಪಿದೆ. 2020ರ ಮಾರ್ಚಿನಲ್ಲಿ ಕೊರೊನಾದ ಹೆಸರಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು, ಮಂಗಳೂರನ್ನೇ ನಂಬಿದ್ದ ರೋಗಿಗಳು ಅಲ್ಲಿ ಸಿಕ್ಕಿಕೊಂಡದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ನನ್ನ ಹೆರಿಗೆ ಅದಾಗಿ ವರ್ಷಗಳು ಕಳೆದ ಮೇಲಿನದು. ಆಂಬುಲೆನ್ಸ್ ನಿಲ್ಲದೆ ದಾಟಿತು.

ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದವು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಇಳಿಯುತ್ತಿದ್ದರೂ ಒಂದು ಲಕ್ಷದ ಮೇಲೆ ಇತ್ತು. ಕೆಂಪು ರಕ್ತಕಣಗಳು ಒಡೆದು, ಯಕೃತ್ತು ಕೆಟ್ಟು, ಪ್ಲೇಟ್‌ಲೆಟ್ ಕುಸಿಯುವ ಹೆಲ್ಪ್ ಸಿಂಡ್ರೋಮ್ ಎಂಬ ಸ್ಥಿತಿಗೆ ಹೋಗುವ ಮೊದಲೇ ಬಂದಿದ್ದೀರಿ ಎಂದು ವೈದ್ಯೆ ಹೇಳಿದರು. ಪಕ್ಕೆಯ ಆ ನೋವು ವಾಯುವಿನದಲ್ಲ, ಯಕೃತ್ತಿನದು. ಮತ್ತೆ ಮೆಗ್ನೀಸಿಯಂ, ಮತ್ತೆ ಸುತ್ತಿಗೆ. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಎಂಬ ದೊಡ್ಡ ಅಧ್ಯಯನದಲ್ಲಿ ಸುಮಾರು ಹತ್ತು ಸಾವಿರ ಹೆಂಗಸರ ಪೈಕಿ ಈ ಔಷಧ ಪಡೆದವರಲ್ಲಿ ಸೆಳವಿನ ಸಾಧ್ಯತೆ ಅರ್ಧಕ್ಕಿಂತಲೂ ಕಡಿಮೆಯಾದದ್ದು ಕಂಡುಬಂದಿದೆ, ಮೈ ಬಿಸಿಯಾಗುವ ಆ ಸಂಕಟವನ್ನು ಎರಡನೆಯ ಸಲ ತಾಳಿಕೊಳ್ಳಲು ಈ ವಿಷಯ ತಿಳಿದದ್ದು ನನಗೆ ನೆರವಾಯಿತು.

ಹೆರಿಗೆ ಮುಗಿದ ಮೇಲೆ ಯಾಕೆ ಹೀಗಾಯಿತು ಎಂದು ನಾನೂ ಗಂಡನೂ ಮತ್ತೆ ಮತ್ತೆ ಕೇಳಿದೆವು. ಬಸುರಿನಲ್ಲಿ ಮೈಯಲ್ಲಿ ತುಂಬಿಕೊಂಡ ನೀರು ಹೆರಿಗೆಯ ಬಳಿಕ ಮೆಲ್ಲನೆ ರಕ್ತಕ್ಕೆ ಮರಳುತ್ತದೆ, ಆದ್ದರಿಂದ ಯಾವ ಬಾಣಂತಿಯ ಬಿಪಿಯೇ ಆದರೂ ಮೂರರಿಂದ ಆರನೆಯ ದಿನದ ನಡುವೆ ಅತಿ ಹೆಚ್ಚಿರುತ್ತದೆ, ಕಾಯಿಲೆ ಇದ್ದವರಲ್ಲಿ ಅದು ಅಪಾಯದ ಮಟ್ಟ ಮುಟ್ಟಬಹುದು ಎಂದು ವೈದ್ಯೆ ವಿವರಿಸಿದರು. ಮಾಸು ಹೊರಬಿದ್ದರೂ ಅದು ಕೆಡಿಸಿದ ರಕ್ತನಾಳಗಳು ಸರಿಹೋಗಲು ವಾರಗಳು ಬೇಕು. ಬಸುರಿನುದ್ದಕ್ಕೂ ಬಿಪಿ ಸರಿಯಾಗಿದ್ದು, ಹೆರಿಗೆಯಾದ ಮೇಲೆ ಆರು ವಾರದೊಳಗೆ ಮೊದಲ ಬಾರಿಗೆ ಈ ಕಾಯಿಲೆ ಕಾಣಿಸಿಕೊಳ್ಳುವುದೂ ಉಂಟಂತೆ. ಹೆರಿಗೆಯ ಬಳಿಕ ಎರಡು ಮೂರು ದಿನಗಳೊಳಗೆ ಒಮ್ಮೆ, ಮತ್ತೆ ಏಳರಿಂದ ಹತ್ತನೆಯ ದಿನದೊಳಗೆ ಒಮ್ಮೆ ಬಿಪಿ ನೋಡಲೇಬೇಕು ಎಂಬ ನಿಯಮ ಇದಕ್ಕಾಗಿಯೇ ಇದೆ. ಮನೆಗೆ ಮರಳುವಾಗ ಈ ಸಲ ಎನಲಾಪ್ರಿಲ್ ಎಂಬ ಬಿಪಿ ಮಾತ್ರೆ ಬರೆದುಕೊಟ್ಟರು. ಬಸುರಿನಲ್ಲಿ ಅದು ನಿಷಿದ್ಧ, ಹಾಲೂಡಿಸುವಾಗ ಕೊಡಬಹುದು.

ಇನ್ನು ಬಾಣಂತನದ ವಿಷಯ. ಹಳೆಯದೆಲ್ಲ ತಪ್ಪು ಎಂದು ಹೇಳುವವಳು ನಾನಲ್ಲ. ನಲವತ್ತು ದಿನ ಒಬ್ಬಳು ಹೆಂಗಸಿಗೆ ಅಡುಗೆ, ಕಸ, ನೀರಿನ ಚಿಂತೆ ಬಿಡಿಸಿ ಮಗುವಿನ ಜೊತೆ ಮಲಗಲು ಬಿಡುವ ವ್ಯವಸ್ಥೆ ಎಷ್ಟು ದೊಡ್ಡದು ಎಂಬುದು ತವರಿನ ಆಸರೆ ಇಲ್ಲದ ಗೆಳತಿಯರನ್ನು ನೋಡಿದಾಗ ಅರ್ಥವಾಗುತ್ತದೆ. ಅಮ್ಮ ಆಸ್ಪತ್ರೆಯಲ್ಲೇ ವೈದ್ಯೆಯ ಎದುರು ಕುಳಿತು ತನ್ನ ಪಟ್ಟಿಯನ್ನು ಒಂದೊಂದಾಗಿ ಕೇಳಿದರು. ಎಣ್ಣೆ ತಿಕ್ಕಬಹುದು, ಗಾಯಕ್ಕೆ ತಾಗಬಾರದು. ಸ್ನಾನ ಮಾಡಿಸಬಹುದು, ತಲೆ ತಿರುಗುವಷ್ಟು ಸುಡುನೀರು ಬೇಡ. ನೀರು ಕಡಿಮೆ ಮಾಡುವುದು ಮಾತ್ರ ಖಂಡಿತ ಕೂಡದು, ಹೆರಿಗೆಯ ಬಳಿಕ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೇಗೂ ಹೆಚ್ಚು, ನೀರು ಸಾಲದೆ ಹೋದರೆ, ಮಲಗಿಯೇ ಇದ್ದರೆ ಅದು ಮತ್ತೂ ಹೆಚ್ಚುತ್ತದೆ. ಅರಿಷ್ಟದ ಬಾಟಲಿಯ ಮೇಲಿನ ಚೀಟಿಯನ್ನು ಅಮ್ಮ ಫೋನಿನಲ್ಲಿ ತೋರಿಸಿದರು. ಅದರಲ್ಲಿ ಜ್ಯೇಷ್ಠಮಧು ಇತ್ತು. ಜ್ಯೇಷ್ಠಮಧು ಹೆಚ್ಚು ಹೊಟ್ಟೆಗೆ ಹೋದರೆ ಬಿಪಿ ಏರಿಸುವ ಗುಣದ್ದು, ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಾಂಶವೂ ಇರುತ್ತದೆ. ಬಿಪಿ ಪೂರ್ತಿ ಹತೋಟಿಗೆ ಬರುವವರೆಗೆ ಅದನ್ನು ನಿಲ್ಲಿಸಿ ಎಂದರು. ಅಮ್ಮ ಮರುಮಾತಾಡದೆ ಒಪ್ಪಿದರು. ಕಾರಣ ಹೇಳಿ ತಿಳಿಸಿದರೆ ನಮ್ಮ ಹಿರಿಯರು ಒಪ್ಪುತ್ತಾರೆ ಎಂಬುದು ನನ್ನ ಅನುಭವ.

ಅಂದಿನಿಂದ ಬಾಣಂತಿ ಕೋಣೆಯ ಗೂಡಿನಲ್ಲಿ ಎಣ್ಣೆಯ ಶೀಸೆಯ ಪಕ್ಕ ಬಿಪಿ ಯಂತ್ರವೂ ಒಂದು ನೋಟುಪುಸ್ತಕವೂ ಇದ್ದವು. ಬೆಳಗ್ಗೆ, ಸಂಜೆ, ಬೆನ್ನಿಗೆ ಆಧಾರವಿಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ದಿಂಬಿನ ಮೇಲಿರಿಸಿ ನೋಡುವುದು. ಮಗುವಿಗೆ ಹಾಲೂಡುತ್ತಾ ನೋಡಿದ ಅಂಕಿ ಸರಿಯಿರುವುದಿಲ್ಲ, ತೋಳಿಗೆ ಬಿಗಿಯಾಗುವ ಸಣ್ಣ ಪಟ್ಟಿಯಲ್ಲಿ ನೋಡಿದರೆ ಹೆಚ್ಚು ತೋರಿಸುತ್ತದೆ. 150/100 ದಾಟಿದರೆ ಫೋನ್ ಮಾಡಬೇಕು, 160/110 ಆದರೆ ಅಥವಾ ತಲೆಬೇನೆ, ಕಣ್ಣು ಮಂಜಾಗುವುದು, ಪಕ್ಕೆ ನೋವು, ಉಸಿರಾಟದ ತೊಂದರೆ ಇದ್ದರೆ ಫೋನಿಗೂ ಕಾಯದೆ ಹೊರಡಬೇಕು ಎಂದು ಅಪ್ಪ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿದ್ದರು.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕೆಂಬ ನಿಯಮ ದೇಶದೆಲ್ಲೆಡೆ ಇದೆ. ನಮ್ಮ ವಾರ್ಡಿನ ಆಶಾ ಅಕ್ಕ ತಪ್ಪದೆ ಬಂದರು, ಮಗುವಿನ ತೂಕ, ಮೈಬಿಸಿ, ಹೊಕ್ಕುಳು ನೋಡಿದರು. ಅವರ ಚೀಲದಲ್ಲಿ ತೂಕದ ತಕ್ಕಡಿ ಇತ್ತು, ಬಿಪಿ ಯಂತ್ರವಿರಲಿಲ್ಲ. ನಮ್ಮ ಪುಸ್ತಕ ನೋಡಿ, ಬೇರೆ ಮನೆಗಳಲ್ಲೂ ಹೀಗೆ ನೋಡಲು ಯಂತ್ರ ಕೊಟ್ಟರೆ ಒಳ್ಳೆಯದಿತ್ತು ಎಂದರು. ನನಗೂ ಹಾಗೆಯೇ ಅನ್ನಿಸುತ್ತದೆ. 2018–20ರ ಲೆಕ್ಕದಂತೆ ಕೇರಳದಲ್ಲಿ ಲಕ್ಷ ಜನನಕ್ಕೆ ತಾಯಂದಿರ ಮರಣ 19 ಇತ್ತು, ಆಗ ಅದು ದೇಶದಲ್ಲೇ ಅತಿ ಕಡಿಮೆ. ಇಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಹೆಸರು ಬಹಿರಂಗಪಡಿಸದೆ ತಾಯಂದಿರ ಮರಣಗಳನ್ನು ಪರಿಶೀಲಿಸುತ್ತಾ ಬಂದಿದೆ. ರಕ್ತಸ್ರಾವ ಮತ್ತು ಬಿಪಿ ಅದರಲ್ಲಿ ಮುಖ್ಯ ಕಾರಣಗಳಾಗಿ ಕಂಡಿವೆ. ಇಷ್ಟು ಮುಂದೆ ಬಂದ ವ್ಯವಸ್ಥೆಗೆ ಆ ಚೀಲದಲ್ಲಿ ಇನ್ನೊಂದು ಯಂತ್ರ ಇರಿಸುವುದು ಕಷ್ಟವಾಗಲಾರದು.

ಮೈ ಸುಧಾರಿಸುತ್ತಿದ್ದರೂ ಮನಸ್ಸು ಹಿಂದೆ ಉಳಿಯಿತು. ಕತ್ತಲಾದೊಡನೆ ಎದೆ ಹೊಡೆದುಕೊಳ್ಳುತ್ತಿತ್ತು, ಮಗು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ, ಯಂತ್ರದ ಪಟ್ಟಿ ಬಿಗಿಯುವ ಸದ್ದಿಗೇ ಕಣ್ಣೀರು ಬರುತ್ತಿತ್ತು. ಆರನೆಯ ವಾರದ ಭೇಟಿಯಲ್ಲಿ ಎಡಿನ್‌ಬರೊ ಮಾಪನ ಎಂಬ ಹತ್ತು ಪ್ರಶ್ನೆಗಳ ಕಾಗದ ಕೊಟ್ಟರು. 1987ರಿಂದ ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಬಳಕೆಯಲ್ಲಿರುವ ಪ್ರಶ್ನಾವಳಿ ಅದು. ನನ್ನ ಅಂಕ ಹೆಚ್ಚಿತ್ತು. ಕೆಲವು ವಾರ ಆಪ್ತಸಮಾಲೋಚಕಿಯೊಡನೆ ಮಾತಾಡಿದೆ, ರಾತ್ರಿಯ ಒಂದು ಸರದಿಯನ್ನು ಗಂಡ ವಹಿಸಿಕೊಂಡರು, ಹಿಂಡಿಟ್ಟ ಹಾಲನ್ನು ಅವರೇ ಕುಡಿಸಿದರು. ಮದ್ದಿಲ್ಲದೆಯೇ ನನಗೆ ವಾಸಿಯಾಯಿತು, ಮದ್ದು ಬೇಕಾದವರಿಗೆ ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದವೂ ಇವೆ.

ಮಾತ್ರೆಯನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡಿ ಮೂರನೆಯ ತಿಂಗಳಿನ ಹೊತ್ತಿಗೆ ನಿಲ್ಲಿಸಿದರು. ಮೂತ್ರದ ಪಟ್ಟಿಯೂ ಹಳದಿಯಾಗಿಯೇ ಉಳಿಯಿತು. ಹೆರಿಗೆ ರಜೆ ಮುಗಿಸಿ ಶಾಲೆಗೆ ಮರಳಿದೆ. ಆದರೆ ಈ ಕಾಯಿಲೆ ಬಂದುಹೋದವರಿಗೆ ಮುಂದೆ ಬಿಪಿ ನೆಲೆಯೂರುವ ಸಂಭವ ಹೆಚ್ಚು, ಹೃದ್ರೋಗ, ಪಾರ್ಶ್ವವಾಯುಗಳ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಇದನ್ನು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ಆದ್ದರಿಂದ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಮೂತ್ರ ಪರೀಕ್ಷೆ ಮಾಡಿಸುತ್ತಿದ್ದೇನೆ, ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಹೆರಿಗೆಯಲ್ಲಿ ಹೀಗಾಗಿತ್ತು ಎಂದು ಮೊದಲೇ ಹೇಳುತ್ತೇನೆ.

ಮಗಳಿಗೆ ಈಗ ಎರಡು ವರ್ಷ ದಾಟಿದೆ, ಇನ್ನೊಂದು ಮಗುವಿನ ಮಾತು ಮನೆಯಲ್ಲಿ ಬರತೊಡಗಿದೆ. ಮತ್ತೆ ಬಸುರಾದರೆ ಹನ್ನೆರಡನೆಯ ವಾರದಿಂದಲೇ ದಿನಕ್ಕೊಂದು ಕಡಿಮೆ ಪ್ರಮಾಣದ ಆಸ್ಪಿರಿನ್, ಜೊತೆಗೆ ಕ್ಯಾಲ್ಸಿಯಂ, ಮೊದಲ ತಿಂಗಳುಗಳಿಂದಲೇ ಮನೆಯಲ್ಲಿ ಬಿಪಿ ನೋಡಿಕೊಳ್ಳುವುದು, ಹೆರಿಗೆಯಾದ ಮೊದಲ ವಾರ ಆಸ್ಪತ್ರೆಯಲ್ಲೇ ಇರುವುದು, ಇಷ್ಟನ್ನು ಪಾಲಿಸಬೇಕೆಂದು ಹೇಳಿದ್ದಾರೆ. ಆಸ್ಪಿರಿನ್ ಹದಿನಾರು ವಾರದೊಳಗೆ ಆರಂಭವಾದರೆ ಮಾತ್ರ ಹೆಚ್ಚು ಪ್ರಯೋಜನ. ಕಾಯಿಲೆ ಮತ್ತೆ ಬರುವುದೇ ಇಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ. ನಾನೂ ಗಂಡನೂ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಬೇಸಗೆ ರಜೆಯಲ್ಲಿ ಅಪ್ಪ ಬರೆದಿಟ್ಟ ಆ ಪುಸ್ತಕವನ್ನೂ ಹಳೆಯ ವರದಿಗಳನ್ನೂ ಹಿಡಿದು ಇಬ್ಬರೂ ಮಂಗಳೂರಿಗೆ ಹೋಗಿ ವೈದ್ಯೆಯನ್ನು ಕಂಡು ಮಾತಾಡಲಿದ್ದೇವೆ.